ಹೆಸರಿನೊಳಗಿನ ಒಂಬತ್ತು

ನಮ್ಮ ಊರಿನಲ್ಲಿ ಬಾಗಿಲುಗಳಿಗೆ ಬೀಗ ಹಾಕುವ ರೂಢಿಯಿಲ್ಲ. ಬೆಳಗಿನಲ್ಲಿ ದಫ್ತರದೊಳಗೆ ಮನೆಯ ಕಾಗದ ತೆರೆದುಕೊಂಡರೆ ಮನೆಯ ಬಾಗಿಲೂ ತೆರೆದುಕೊಳ್ಳುತ್ತದೆ. ಕಾಗದ ತೆರೆಯದಿದ್ದರೆ ಬಾಗಿಲು ಒಳಗಿನಿಂದ ತಳ್ಳಿದರೂ ಹೊರಗಿನಿಂದ ಎಳೆದರೂ ಅಲುಗುವುದಿಲ್ಲ. ಒಂದು ಹೆಸರಿಗೆ ಒಂದು ಬಾಗಿಲು. ಇಪ್ಪತ್ತೊಂದು ದಿನ ತೆರೆಯದೆ ನಿಂತ ಬಾಗಿಲು ತಾನು ಬಾಗಿಲೆಂಬುದನ್ನು ಮರೆತು ಗೋಡೆಯಾಗುತ್ತದೆ. ಇಷ್ಟನ್ನು ಅರಿತವರು ಯಾರು ಬೇಕಾದರೂ ಇಲ್ಲಿ ಬಾಳಬಹುದು, ನಾವು ಬಾಳಿದ್ದೇವೆ.

ಬಸಲಿಂಗಯ್ಯನೆಂಬ ಗುಮಾಸ್ತ ದಫ್ತರದಲ್ಲಿದ್ದಷ್ಟು ಕಾಲ ಊರು ಅವನ ದನಿಯಿಂದಲೇ ಏಳುತ್ತಿತ್ತು. ಸೂರ್ಯ ಹುಟ್ಟುವ ಹೊತ್ತಿಗೆ ಅವನು ಕಟ್ಟು ಬಿಚ್ಚಿ, ಒಂದೊಂದೇ ಕಾಗದ ತಿರುವುತ್ತ, ಮೇಲಿನ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದ. ಓದಿದ ಹೆಸರಿನ ಬಾಗಿಲು ಅಲ್ಲೆಲ್ಲೋ ಕಿರ್ರೆನ್ನುತ್ತಿತ್ತು. ಹೆಸರಿನ ನಡುವೆ ಅವನಿಗೆ ಕೆಮ್ಮು ಬಂದರೆ ಆ ಮನೆಯ ಬಾಗಿಲು ಅರ್ಧಕ್ಕೆ ನಿಂತು ಕಾಯುತ್ತಿತ್ತು. ನೀರಿಗೆ ಹೊರಟ ಹೆಂಗಸರು ಕೊಡ ಹಿಡಿದು ಹೊಸ್ತಿಲಲ್ಲಿ ನಿಂತು, ‘ಯಾರಾದ್ರೂ ಆ ಮುದುಕಗ ಶುಂಠಿ ಕಷಾಯ ಕೊಡ್ರವ್ವಾ’ ಎಂದು ಗೊಣಗುತ್ತಿದ್ದರು. ಅವನ ಕಣ್ಣು ಮಂಜಾದ ಮೇಲೂ ಒಂದೇ ಒಂದು ಬಾಗಿಲೂ ತಪ್ಪಿದ್ದಿಲ್ಲ. ಅಳಿಸಿದ್ದನ್ನೂ ಹುಳು ತಿಂದದ್ದನ್ನೂ ಅವನು ಹೇಗೋ ಓದಿಬಿಡುತ್ತಿದ್ದ.

ಅವನು ಹೋದ ಮರುವರ್ಷ ಕಾಗದಗಳೆಲ್ಲ ಯಂತ್ರದೊಳಗೆ ಸೇರಿದವು. ಅವುಗಳನ್ನು ತೆರೆದು ತೋರಿಸುವುದಕ್ಕೆ ಒಂದು ತಂತ್ರಾಂಶ ಬಂದಿತು. ದಫ್ತರದ ಫಲಕದಲ್ಲಿ ಅದರ ಹೆಸರು ‘ದಸ್ತಾವೇಜು ವೀಕ್ಷಕ’. ಓಣಿಯಲ್ಲಿ ಅದಕ್ಕೆ ‘ಹೊಸ ಕಣ್ಣು’ ಎಂದೇ ಹೆಸರಾಯಿತು. ಹೊಸ ಕಣ್ಣು ಕೆಮ್ಮುತ್ತಿರಲಿಲ್ಲ. ಒಂದೇ ಉಸಿರಿಗೆ ಊರಿನ ಬಾಗಿಲುಗಳನ್ನೆಲ್ಲ ತೆರೆಯುತ್ತಿತ್ತು. ಬೆಳಗಿನ ಆ ಸದ್ದು ಚೀಲದಿಂದ ಕಡಲೆ ಸುರಿದಂತೆ ಕೇಳುತ್ತಿತ್ತು. ನನಗೆ ಬಸಲಿಂಗಯ್ಯನ ನಿಧಾನವೇ ಹಿತವಾಗಿತ್ತೆಂದು ಹೇಳಿದರೆ ಮುದುಕನ ಹಳಹಳಿಕೆಯೆಂದುಕೊಂಡಾರು, ಆದ್ದರಿಂದ ಹೇಳುತ್ತಿರಲಿಲ್ಲ.

ಹೊಸ ಕಣ್ಣಿನ ಇನ್ನೊಂದು ಆವೃತ್ತಿ ಬಂದ ಗುರುವಾರ ನಮ್ಮ ಓಣಿಯಲ್ಲಿ ಇಪ್ಪತ್ತಮೂರು ಬಾಗಿಲುಗಳು ತೆರೆಯಲಿಲ್ಲ. ಅವುಗಳಲ್ಲಿ ಒಂದು ಕರ್ಪೂರವ್ವನ ಹಿಟ್ಟಿನ ಗಿರಣಿ.

ಕರ್ಪೂರವ್ವ ಅರವತ್ತು ದಾಟಿದ ಹೆಂಗಸು. ಹುಬ್ಬಿನ ಮೇಲೆ, ಮುಂಗೈ ಮೇಲೆ ಸದಾ ಹಿಟ್ಟು. ಸಿಟ್ಟು ಬಂದು ತಲೆ ಕೊಡವಿದರೆ ಸುತ್ತ ಒಂದು ಬಿಳಿಯ ಮೋಡ ಏಳುತ್ತಿತ್ತು. ತಂಗಿಯ ಮನೆಯಲ್ಲಿ ಮಲಗುತ್ತಿದ್ದಳು, ಉಣ್ಣುತ್ತಿದ್ದಳು. ಆಕೆಯ ಹೆಸರಿಗಿದ್ದ ಬಾಗಿಲು ಗಿರಣಿಯದೊಂದೇ. ಆ ಬೆಳಿಗ್ಗೆ ಜೋಳದ ಡಬ್ಬಿ ಹಿಡಿದ ಮಂದಿ ಅದರ ಮುಂದೆ ಸಾಲಾಗಿ ನಿಂತಿದ್ದರು. ಆಕೆ ಬಾಗಿಲಿಗೆ ಭುಜ ಕೊಟ್ಟಳು, ಒದ್ದಳು, ಕೊನೆಗೆ ಅದರ ಕಿವಿಯಲ್ಲೆಂಬಂತೆ ಬಾಯಿಟ್ಟು ತನ್ನ ಹೆಸರನ್ನೇ ಕೂಗಿದಳು. ಒಳಗೆ ಹನ್ನೊಂದು ಮನೆಯ ಕಾಳು, ಮೋಟರು, ಅದರ ಪಟ್ಟಿ, ಆಕೆಯ ತಾಯಿ ಕೂರಿಸಿದ ಕಲ್ಲುಗಳು ಎಲ್ಲವೂ ಸುಮ್ಮನಿದ್ದವು.

ಎದುರಿನ ಅಂಗಡಿಯ ಕಿಟಕಿಯಲ್ಲಿ ಶರ್ಫುದ್ದೀನ ದರ್ಜಿಯ ತಲೆ ಕಾಣಿಸಿತು. ಅವನ ಬಾಗಿಲೂ ತೆರೆದಿರಲಿಲ್ಲ. ಅವನ ಮನೆ, ಅಂಗಡಿ ಎರಡೂ ಅದೇ ಬಾಗಿಲಿನ ಹಿಂದೆ. ‘ಅಕ್ಕಾ, ನೀ ಹೊರಗ ಸಿಕ್ಕೊಂಡಿ, ನಾ ಒಳಗ ಸಿಕ್ಕೊಂಡೀನಿ. ಬಾಗಿಲಾ ಮಾತ್ರ ನಡುವ ಆರಾಮ ನಿಂತೈತಿ ನೋಡು’ ಎಂದು ಅವನು ನಕ್ಕ. ಮಧ್ಯಾಹ್ನದ ಹೊತ್ತಿಗೆ ಕಿಟಕಿಯ ಸರಳು ಬಿಚ್ಚಿ, ಕೆಳಗೊಂದು ಸ್ಟೂಲು ಇಟ್ಟುಕೊಂಡು, ಅಲ್ಲಿಂದಲೇ ಗಿರಾಕಿಗಳ ಅಳತೆ ತೆಗೆದುಕೊಳ್ಳತೊಡಗಿದ. ಎರಡು ದಿನ ಕಳೆಯುವಷ್ಟರಲ್ಲಿ ಓಣಿಯ ಹೆಂಗಸರು ಸೀರೆಯ ನೆರಿಗೆ ಬಿಗಿದು ಕಿಟಕಿ ಇಳಿಯುವುದನ್ನು ರೂಢಿ ಮಾಡಿಕೊಂಡರು. ಹಾಲಿನವನು ಬಾಗಿಲು ಬಡಿಯುವುದನ್ನು ಬಿಟ್ಟು ಕಿಟಕಿಗೆ ಬೆರಳು ತಟ್ಟಿದ. ಬೀಗರು ಬಂದಾಗ ಯಾವ ಕಿಟಕಿಯಿಂದ ಒಳಕ್ಕೆ ಕರೆಯುವುದು ಮರ್ಯಾದೆ ಎಂಬುದರ ಮೇಲೆ ಒಂದು ಸಣ್ಣ ಜಗಳವೂ ಆಯಿತು.

ಗಿರಣಿಗೆ ಮಾತ್ರ ಮನುಷ್ಯರು ನುಸುಳುವಂಥ ಕಿಟಕಿಯಿರಲಿಲ್ಲ. ಶುಕ್ರವಾರ ಕರ್ಪೂರವ್ವ ತಂಗಿಯ ಮನೆಯ ಅಟ್ಟದಿಂದ ಹಳೆಯ ಬೀಸುಕಲ್ಲನ್ನು ಇಳಿಸಿ, ಹೊತ್ತು ತಂದು, ಮುಚ್ಚಿದ ಬಾಗಿಲಿನ ಮುಂದೆಯೇ ಇಟ್ಟು, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ಬೀಸತೊಡಗಿದಳು. ಬಂದವರಿಗೆಲ್ಲ ಒಂದೇ ಮಾತು: ‘ಗಿರಣಿ ನಡದೈತಿ. ಕಾಳ ತರ್ರಿ.’ ಪ್ರತಿ ಬೆಳಿಗ್ಗೆ ಬೀಸುವ ಮೊದಲು ಸೊಂಟದಿಂದ ಚಾಕು ತೆಗೆದು ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದನ್ನು ಮೇಲಿನಿಂದ ಕೆಳಗಿನವರೆಗೆ ಕೆರೆಯುತ್ತಿದ್ದಳು. ಮುಚ್ಚಿದ ಬಾಗಿಲುಗಳಲ್ಲಿ ಮೊದಲು ತುಂಬಿಕೊಳ್ಳುವುದು ಆ ಸಂದು. ಸುಣ್ಣದ ಪುಡಿಯಂಥದೇನೋ ದಿನವೂ ಅಲ್ಲಿ ಕೂಡುತ್ತದೆ. ‘ಮರೀಬ್ಯಾಡ’ ಎಂದು ಆಕೆ ಬಾಗಿಲಿಗೆ ಹೇಳುತ್ತಿದ್ದಳು, ಓದದ ಮಗುವಿಗೆ ಹೇಳುವ ಹಾಗೆ. ‘ನೀ ಬಾಗಿಲಾ. ಮರೀಬ್ಯಾಡ.’

ದಫ್ತರದ ಹೊರಗೆ ಒಂದು ಸೂಚನೆ ಅಂಟಿಸಿದ್ದರು: ಕಡತ ತೆರೆಯದಿದ್ದಲ್ಲಿ ಅನುಸರಿಸಬೇಕಾದ ಕ್ರಮಗಳು. ಅದು ಯಂತ್ರದ ಮುಂದೆ ಕುಳಿತವರಿಗೆಂದು ಬರೆದದ್ದು. ನಮ್ಮ ಓಣಿಯವರು ತಮಗೆಂದೇ ತಿಳಿದರು. ಒಮ್ಮೆ ಮುಚ್ಚಿ ಮತ್ತೆ ತೆರೆಯಿರಿ ಎಂದಿತ್ತು. ಮುಚ್ಚಿದ್ದನ್ನು ಮತ್ತೆ ಹೇಗೆ ಮುಚ್ಚುವುದೆಂದು ತಿಳಿಯದೆ ಶರ್ಫುದ್ದೀನ ಕಿಟಕಿಯನ್ನೇ ಹತ್ತು ಸಲ ಮುಚ್ಚಿ ತೆರೆದ. ಎಲ್ಲವನ್ನೂ ಆರಿಸಿ ಸ್ವಲ್ಪ ಹೊತ್ತು ಕಾಯಿರಿ ಎಂದಿತ್ತು. ಭಾನುವಾರ ಇಡೀ ಓಣಿ ಒಲೆ ಆರಿಸಿ, ರೇಡಿಯೋ ಆರಿಸಿ, ಕಾಲು ಗಂಟೆ ಮಾತಿಲ್ಲದೆ ಕುಳಿತಿತು. ಹಳೆಯ ನೆನಪನ್ನು ಅಳಿಸಿರಿ ಎಂಬುದನ್ನು ಓದಿದಾಗ ಮಾತ್ರ ಕರ್ಪೂರವ್ವ ಕೈ ತಡೆದು, ‘ಅದೊಂದು ಆಗೂದಿಲ್ಲ ಅಂತ ಹೇಳ್ರಿ ಅವರಿಗೆ’ ಎಂದು ಮತ್ತೆ ಕಲ್ಲು ತಿರುವಿದಳು.

ಹೇಳುವವನು ನಾನು. ಊರಿನಲ್ಲಿ ಅರ್ಜಿ, ಕರಾರು, ಖರೀದಿ ಪತ್ರಗಳನ್ನು ಟೈಪ್ ಮಾಡುತ್ತಿದ್ದವನು ನಾನೇ. ಪತ್ರದ ತುದಿಯಲ್ಲಿ, ಸಾಕ್ಷಿಗಳ ಕೆಳಗೆ, ಬರೆದವನ ಹೆಸರಿಗೆಂದು ಒಂದು ಸಾಲು ಇರುತ್ತದೆ. ಅದನ್ನು ಬಿಕ್ಕಲಂ ಎನ್ನುತ್ತಾರೆ. ನಮ್ಮ ಓಣಿಯ ಕಾಗದಗಳ ಬಿಕ್ಕಲಂ ಸಾಲಿನಲ್ಲೆಲ್ಲ ಇರುವುದು ನನ್ನ ಹೆಸರು, ವರ್ಧಮಾನಪ್ಪ. ಓಣಿಗೆ ನಾನು ಮಾಸ್ತರ. ಕಲಿಸಿದ್ದೇನೂ ಇಲ್ಲ; ಕನ್ನಡಕ ಮತ್ತು ಕಂಕುಳಲ್ಲಿನ ಕವನ ಸಂಕಲನ ನೋಡಿ ಯಾರೋ ಹಾಗೆ ಕರೆದರು, ಅದೇ ನಿಂತಿತು. ಒಂಬತ್ತನೆಯ ದಿನ ಕರ್ಪೂರವ್ವ ಬೀಸುಕಲ್ಲಿನಿಂದ ಎದ್ದು, ‘ಮಾಸ್ತರ, ಬರ್ರಿ, ಆ ಕಣ್ಣಿಗೆ ನಾ ಯಾಕ ಕಾಣವಲ್ಲೆ ಕೇಳೂಣು’ ಎಂದಾಗ ಅರ್ಜಿಯ ಕಾಗದ ತೆಗೆದುಕೊಂಡು ಜೊತೆಗೆ ಹೋದೆ.

ದಫ್ತರದ ಅಧಿಕಾರಿ ದೇವೇಂದ್ರ ಸಾಹೇಬರು ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ನೀರು ಕೊಟ್ಟರು. ‘ನೋಡ್ರಿ, ವೀಕ್ಷಕದಾಗ ಏನೂ ದೋಷ ಇಲ್ಲ. ಉಳಿದ ನಾಲ್ಕು ನೂರು ಬಾಗಿಲು ತೆರೆದಾವಲ್ಲ? ನಿಮ್ಮ ಕಡತದಾಗ ದೋಷ ಐತಿ’ ಎಂದರು.

‘ಏನ ದೋಷ?’

‘ಅದು ತೆರೆದರ ತಾನ ಗೊತ್ತಾಗೂದು?’

‘ಹಂಗಾರ ತೆರೀರಿ.’

‘ದೋಷ ತಿದ್ದದ ತೆರೆಯೂದಿಲ್ಲವ್ವಾ.’

‘ತಿದ್ರಿ ಮತ್ತ.’

‘ತೆರೀದ ಹೆಂಗ ತಿದ್ದಲಿ?’

ಕರ್ಪೂರವ್ವ ನನ್ನ ಕಡೆ ತಿರುಗಿ, ‘ಮಾಸ್ತರ, ಇವರು ನನ್ನ ಬೀಸುಕಲ್ಲಿಗಿಂತ ಚಲೋ ತಿರಗತಾರ’ ಎಂದಳು. ಸಾಹೇಬರು ನಗಲಿಲ್ಲ, ಒಂದು ಪಟ್ಟಿ ತೆಗೆದರು. ತೆರೆಯದ ಇಪ್ಪತ್ತಮೂರು ಹೆಸರುಗಳಲ್ಲೂ ‘ರ್’ ಇದೆಯೆಂದೂ, ವೀಕ್ಷಕವನ್ನು ಮಾಡಿದವರನ್ನು ಕೇಳಿದಾಗ ಅಂಥ ಕ್ಲಿಷ್ಟ ಅಕ್ಷರಗಳನ್ನು ಬಿಡುವುದು ಒಳ್ಳೆಯದೆಂದು ಉತ್ತರ ಬಂದಿದೆಯೆಂದೂ ವಿವರಿಸಿದರು. ‘ಆ ರ್ ಒಂದು ತೆಗೆದು, ಕಪೂರವ್ವ ಅಂತ ಹೊಸ ಅರ್ಜಿ ಕೊಡ್ರಿ. ಹೊಸ ಹೆಸರು, ಹೊಸ ಕಡತ. ಸಂಜೀಕ ಬಾಗಿಲು ತೆಗೀತದ. ಇಲ್ಲಂದ್ರ ಇಪ್ಪತ್ತೊಂದು ದಿನ ಆದಮ್ಯಾಲ ನನ್ನ ಕೈಯಾಗೂ ಏನಿರೂದಿಲ್ಲ.’

ಕರ್ಪೂರವ್ವ ಆ ಪಟ್ಟಿಯನ್ನು ಸಾಹೇಬರ ಕಡೆಗೇ ತಳ್ಳಿದಳು. ಆಮೇಲೆ, ‘ಸಾಹೇಬರ, ನಾ ಹುಟ್ಟಿದಾಗ ಉಸರಾಡಲಿಲ್ಲಂತ’ ಎಂದಳು. ‘ಸತ್ತ ಕೂಸು ಅಂತ ಮೊರದಾಗ ಹಾಕಿದ್ರಂತ. ಸೂಲಗಿತ್ತಿ ಕರ್ಪೂರ ತಿಕ್ಕಿ ಮೂಗಿಗೆ ಹಿಡದ್ಲಂತ. ಅವಾಗ ಒಂದ ಉಸರ ಎಳದ್ನಂತ. ಅದಕ್ಕ ನಮ್ಮವ್ವ ಈ ಹೆಸರಿಟ್ಲು. ನೀವು ಬಿಡು ಅನ್ನೂದು ಅಕ್ಷರಲ್ಲ. ಆ ಮೊದಲನೇ ಉಸರ.’ ಎದ್ದು ನಿಂತು ಸೆರಗು ಕೊಡವಿದಳು. ಸಾಹೇಬರ ಮೇಜಿನ ಮೇಲೆ ತೆಳುವಾಗಿ ಹಿಟ್ಟು ಬಿದ್ದಿತು. ‘ಗಿರಣಿ ಹೋದ್ರ ಹೋಗ್ಲಿ. ಕಪೂರವ್ವ ಅನ್ನಾಕಿ ಬ್ಯಾರೆ ಯಾರರೆ ಇರಬೇಕು. ಸಿಕ್ರ ಆಕಿಗೆ ಕೊಡ್ರಿ.’

ನಾನೂ ಎದ್ದೆ. ಆಗ ಯಂತ್ರದ ಪರದೆಯ ಮೇಲೆ ನನ್ನ ಕಣ್ಣು ಬಿದ್ದಿತು. ತೆರೆಯದ ಕಡತಗಳ ಹೆಸರುಗಳು ಅಲ್ಲಿ ದೊಡ್ಡದಾಗಿ, ಹೊಸ ಅಕ್ಷರಗಳಲ್ಲಿ ಮೂಡಿದ್ದವು. ‘ಕಪೂ೯ರವ್ವ’ ಎಂದಿತ್ತು. ಬೇರೆ ಯಾರು ನೋಡಿದರೂ ಅದು ಕರ್ಪೂರವ್ವನೇ. ನಾನು ನಲವತ್ತು ವರ್ಷ ಆ ಗುರುತುಗಳೊಂದಿಗೆ ಬಾಳಿದವನು. ಅಕ್ಷರದ ಬಲಕ್ಕೆ ಕೊಂಬಿನಂತೆ ಮೂಡಬೇಕಾದ ಅರ್ಕಾವೊತ್ತು ಅದಾಗಿರಲಿಲ್ಲ. ಕೂದಲೆಳೆಯಷ್ಟು ದಪ್ಪ, ಕೂದಲೆಳೆಯಷ್ಟು ಕೆಳಗೆ. ಅದು ಒಂಬತ್ತು. ಹೆಸರಿನ ನಡುವೆ ಒಂದು ಅಂಕಿ ಕುಳಿತಿತ್ತು, ಮತ್ತು ಅದನ್ನು ಅಲ್ಲಿ ಕೂರಿಸಿದವನು ಯಾರೆಂದು ನನಗೆ ಆ ಕ್ಷಣದಲ್ಲೇ ತಿಳಿಯಿತು.

ಮನೆಗೆ ಬಂದು ಮೂಲೆಯಲ್ಲಿದ್ದ ಟೈಪ್‌ರೈಟರಿನ ಮುಸುಕು ತೆಗೆದೆ. ಮೂವತ್ತು ವರ್ಷದ ಹಿಂದೆ ಅದರ ಅರ್ಕಾವೊತ್ತಿನ ಕೀಲಿ ಸವೆದುಹೋಗಿತ್ತು. ವರ್ಷಕ್ಕೊಮ್ಮೆ ಬರುತ್ತಿದ್ದ ರಿಪೇರಿಯವನು ಅಚ್ಚನ್ನು ಬೆಳಕಿಗೆ ಹಿಡಿದು, ‘ಇದು ಇನ್ನ ಎಷ್ಟ ಸಲ ಮೂಡತದೋ ಹೇಳಾಕಾಗೂದಿಲ್ಲ, ಹೊಸಾದು ಸಿಗೂದಿಲ್ಲ’ ಎಂದು ಹೇಳಿ ಹೋದವನು ಮತ್ತೆ ಬರಲಿಲ್ಲ. ಅದರ ಪಕ್ಕದ ಸಾಲಿನಲ್ಲೇ ಒಂಬತ್ತಿನ ಕೀಲಿ ಹೊಸದರಂತೆ ಹೊಳೆಯುತ್ತಿತ್ತು. ರೂಪ ಒಂದೇ. ಕಾಗದದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಬರೆದ ಪತ್ರಗಳಲ್ಲೆಲ್ಲ ವರ್ಷ, ಮಾರ್ಗ, ಪೂರ್ವ ಎಂಬಲ್ಲಿ, ಜನರ ಹೆಸರುಗಳಲ್ಲಿ, ನಾನು ಒಂಬತ್ತನ್ನೇ ಒತ್ತುತ್ತ ಹೋದೆ.

ಇಷ್ಟೇ ಆಗಿದ್ದರೆ ಅದನ್ನು ಕೆಲಸಗಾರನ ಉಪಾಯ ಎನ್ನಬಹುದಿತ್ತು. ಆದರೆ ಪ್ರತಿ ಪತ್ರದ ಕೊನೆಗೆ, ಬಿಕ್ಕಲಂ ಸಾಲಿಗೆ ಬಂದಾಗ, ನನ್ನ ಬೆರಳು ತಾನಾಗಿ ಸವೆದ ಕೀಲಿಯತ್ತ ಹೋಗುತ್ತಿತ್ತು. ನನ್ನ ಕವಿತೆಗಳು ಪತ್ರಿಕೆಗಳಿಂದ ಒಂದೊಂದಾಗಿ ಹಿಂದಿರುಗುತ್ತಿದ್ದ ಕಾಲವದು. ನನ್ನ ಹೆಸರು ಅಚ್ಚಿನಂತೆ ಕಾಣುತ್ತಿದ್ದುದು ಊರವರ ಕರಾರುಗಳ ಕೊನೆಯ ಸಾಲಿನಲ್ಲಿ ಮಾತ್ರ. ಅಲ್ಲಿಯಾದರೂ ಅದು ಸರಿಯಾಗಿರಲಿ ಎಂದು ಸಾಯುತ್ತಿದ್ದ ಕೀಲಿಯ ಉಳಿದ ಪ್ರಾಣವನ್ನೆಲ್ಲ ನಾನು ನನ್ನ ಹೆಸರಿಗೆಂದು ಕಾದಿರಿಸಿದೆ. ಇಪ್ಪತ್ತಮೂರು ಬಾಗಿಲುಗಳು ಮುಚ್ಚಿದ್ದ ಓಣಿಯಲ್ಲಿ ನನ್ನ ಬಾಗಿಲು ಬೆಳಗಾದೊಡನೆ ತೆರೆಯುತ್ತಿತ್ತು. ಯಾಕೆಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಹೇಳುವುದಕ್ಕೆ ಧೈರ್ಯ ಬರಲು ಎರಡು ದಿನ ಬೇಕಾಯಿತು. ಹನ್ನೊಂದನೆಯ ದಿನದ ಬೆಳಿಗ್ಗೆ ಬೀಸುಕಲ್ಲಿನ ಎದುರು ಕುಳಿತು ಕರ್ಪೂರವ್ವನಿಗೆ ಎಲ್ಲವನ್ನೂ ಹೇಳಿದೆ. ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಗುಂಡಿ ಹೊಲಿಯುತ್ತಿದ್ದ ಶರ್ಫುದ್ದೀನನೂ ಕೇಳಿಸಿಕೊಂಡ. ಆಕೆ ಬೀಸುವುದನ್ನು ನಿಲ್ಲಿಸಲಿಲ್ಲ. ಒಂದು ಹಿಡಿ ಕಾಳು ಪೂರ್ತಿ ಹಿಟ್ಟಾದ ಮೇಲೆ, ‘ಅಂದ್ರ ಮೂವತ್ತು ವರ್ಷದಿಂದ ನಾ ಕಪೂ-ಒಂಬತ್ತು-ರವ್ವ’ ಎಂದಳು.

‘ಹೌದು.’

‘ನೀವು ಮಾತ್ರ ವರ್ಧಮಾನಪ್ಪ.’

‘ಹೌದು, ಕರ್ಪೂರವ್ವ.’

‘ನನ್ನ ಉಸರ ತಗೊಂಡು ನಿಮ್ಮ ಹೆಸರಿಗೆ ಕೊಂಬ ಮೂಡಿಸಿಕೊಂಡ್ರಿ.’ ಓದಿದ ಯಾವ ಕವಿತೆಯೂ ಆ ಹೊತ್ತಿಗೆ ನೆರವಿಗೆ ಬರಲಿಲ್ಲ.

ಶರ್ಫುದ್ದೀನ ಹಲ್ಲಿನಿಂದ ದಾರ ಕಡಿದು, ‘ಶರ್ಫುದ್ದೀನದಾಗ ಒಂದು, ದರ್ಜಿಯೊಳಗ ಒಂದು. ನಂದು ಎರಡು ಒಂಬತ್ತು, ಹದಿನೆಂಟು ಆತು. ಅಕ್ಕಾ, ನಾ ನಿನಕಿಂತ ಡಬಲ್ ಮುಚ್ಚೀನಿ’ ಎಂದ. ಕರ್ಪೂರವ್ವ ಮೊದಲು ಅವನನ್ನು ಬೈದಳು, ಆಮೇಲೆ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು; ಕೆನ್ನೆಯ ಮೇಲೆ ಹಿಟ್ಟು ಕಣಕದಂತಾಯಿತು. ‘ಏಳ್ರಿ ಮಾಸ್ತರ’ ಎಂದಳು. ‘ಅತ್ತು ಮುಗೀತು. ನೀವು ಮುಚ್ಚಿದ್ದು ನೀವ ತೆಗೀಬೇಕು. ಹೆಂಗ ಅಂತ ವಿಚಾರ ಮಾಡ್ರಿ. ಇನ್ನ ಹತ್ತ ದಿನ ಅದಾವ. ಅಲ್ಲೀತನಕ ಸಂದ ಕೆರೆಯೂದು ನನ್ನ ಪಾಲು.’

ನಾನು ವಿಚಾರ ಮಾಡಿದೆ. ಮೂಲ ಕಾಗದಗಳನ್ನು ಹುಡುಕಿಸಿದರೆ ಅಟ್ಟಕ್ಕೇರಿದ ಕಟ್ಟುಗಳನ್ನು ಗೆದ್ದಲು ಮುಗಿಸಿತ್ತು. ಒಂಬತ್ತಿನ ಮಾತೆತ್ತಲು ನಾಚಿ, ಕಡತ ತೆರೆಸಿರೆಂದಷ್ಟೇ ಮೂರು ಅರ್ಜಿ ಬರೆದೆ. ಮೂರಕ್ಕೂ ಒಂದೇ ಉತ್ತರ, ವೀಕ್ಷಕದಲ್ಲಿ ದೋಷವಿಲ್ಲ. ಓಣಿಯ ಬಾಗಿಲುಗಳ ಹಿಡಿಕೆಗಳು ಒಳಸರಿಯತೊಡಗಿದವು. ಹದಿನೆಂಟನೆಯ ದಿನ ಶರ್ಫುದ್ದೀನ ತನ್ನ ಬಾಗಿಲನ್ನು ಒಳಗಿನಿಂದ ಕೈಯಾಡಿಸಿ ಹುಡುಕಬೇಕಾಯಿತು. ಅಂದು ಅವನು ತಮಾಷೆ ಮಾಡಲಿಲ್ಲ. ಕರ್ಪೂರವ್ವನ ಚಾಕುವಿನ ಮೊನೆ ಮುರಿದಿತ್ತು. ಆಕೆ ಇನ್ನೊಂದು ತಂದಿದ್ದಳು. ಆ ಇಪ್ಪತ್ತಮೂರರಲ್ಲಿ ಬಾಗಿಲಿನ ಗೆರೆ ಪೂರ್ತಿ ಉಳಿದದ್ದು ಆಕೆಯದೊಂದೇ.

ಹತ್ತೊಂಬತ್ತನೆಯ ದಿನ ನನ್ನ ಹಳೆಯ ಪ್ರತಿಗಳನ್ನು ತಿರುವುತ್ತಿದ್ದಾಗ, ಇಷ್ಟು ದಿನ ನಾಚಿಕೆಯಿಂದ ನೋಡದೆ ದಾಟಿಸುತ್ತಿದ್ದ ಸಾಲಿನ ಮೇಲೆ ಕಣ್ಣು ನಿಂತಿತು. ಬಿಕ್ಕಲಂ. ಪತ್ರದಲ್ಲಿ ಒಡೆಯರ ಹೆಸರು ಕೆಟ್ಟಿದ್ದರೂ ಬರೆದವನ ಹೆಸರು ಸರಿಯಾಗಿತ್ತು. ನನ್ನ ಹಮ್ಮು ಮೂವತ್ತು ವರ್ಷದಿಂದ ಆ ಕಾಗದಗಳಲ್ಲಿ ಒಂದು ಕಂಡಿಯನ್ನು ಕಾದಿರಿಸಿತ್ತು.

ಅಂದೇ ನಾನೂ ಕರ್ಪೂರವ್ವನೂ ದಫ್ತರಕ್ಕೆ ಹೋದಾಗ ಕಿಟಕಿಯಿಂದ ಇಳಿದು ಬಂದ ಓಣಿಯೂ ಹಿಂದೆ ಬಂದಿತು. ಒಂಬತ್ತಿನ ವಿಷಯವನ್ನು ನಾನು ಎಲ್ಲರ ಎದುರಿಗೆ, ಮರೆಮಾಚದೆ ಹೇಳಿದೆ. ದೇವೇಂದ್ರ ಸಾಹೇಬರ ಮುಖ ಅರಳಿತು. ‘ಇಷ್ಟ ಏನು! ಹಂಗಾರ ಸರಳ ಆತಲ್ಲ. ನನ್ನ ಹೆಸರಿನಾಗ ಒಂಬತ್ತು ಅನ್ನೂ ಅಂಕಿ ಐತಿ ಅಂತ ಒಂದು ಸಹಿ ಹಾಕ್ರಿ. ಅಂಕಿ ಅಂತ ಹೇಳಿದ್ರ ವೀಕ್ಷಕ ತೆರೀತದ. ಮುಂದ ಎಲ್ಲಾ ಕಾಗದದಾಗೂ ಅದ ಹೆಸರು ನಡೀತದ.’

‘ಬಸಲಿಂಗಯ್ಯ ನನ್ನ ಒಂದಿನಾನೂ ಅಂಕಿ ಹಚ್ಚಿ ಕರೀಲಿಲ್ಲ’ ಎಂದಳು ಕರ್ಪೂರವ್ವ. ‘ಕಣ್ಣ ಕಾಣದ ಮುದುಕ. ನಿಮ್ಮ ಕಣ್ಣಿಗೆ ಏನ ಧಾಡಿ?’ ಹಿಂದಿನಿಂದ ಯಾರೋ, ‘ಆಕಿ ಸಹಿ ಹಾಕೂದಿಲ್ಲ, ನಾವೂ ಹಾಕೂದಿಲ್ಲ’ ಎಂದರು. ‘ನಾ ಹದಿನೆಂಟು ಸಲ ಹಾಕೂದಿಲ್ಲ’ ಎಂದ ಶರ್ಫುದ್ದೀನ.

‘ಸಾಹೇಬರೆ, ಆಕೆಯ ಪತ್ರವನ್ನು ಆಕೆಯ ಹೆಸರಿನಿಂದ ಕರೆಯಬೇಡಿ, ನನ್ನ ಹೆಸರಿನಿಂದ ಕರೆಯಿರಿ’ ಎಂದೆ ನಾನು. ‘ಬಿಕ್ಕಲಂ ವರ್ಧಮಾನಪ್ಪ. ಅಲ್ಲಿ ಒಂಬತ್ತಿಲ್ಲ.’

ಅವರು ನನ್ನನ್ನೇ ನೋಡಿದರು. ‘ಒಂದು ಹೆಸರಿಗೆ ಒಂದು ಬಾಗಿಲು, ಮಾಸ್ತರ. ನಿಮ್ಮ ಹೆಸರು ಗಿರಣಿ ಬಾಗಿಲಿಗೆ ಹೋದ್ರ ನಿಮ್ಮ ಮನಿ ಬಾಗಿಲು ನಾಳೆ ತೆರೆಯೂದಿಲ್ಲ. ಹೋದ ಹೆಸರು ಮತ್ತ ಬರಬೇಕಂದ್ರ ದಫ್ತರದ ಅಪ್ಪಣೆ ಬೇಕು. ಅದು ನನ್ನೊಬ್ಬನ ಕೈಯಾಗಿಲ್ಲ.’

‘ಗೊತ್ತಿದೆ.’

‘ವಯಸ್ಸು ಎಷ್ಟು ನಿಮಗ?’

‘ಕಿಟಕಿ ಹತ್ತುವಷ್ಟು’ ಎಂದೆ. ಕರ್ಪೂರವ್ವ ನನ್ನ ತೋಳು ಹಿಡಿದಳು. ಸಾಹೇಬರು ಗಿರಣಿಯ ಕಡತಕ್ಕೆ ನನ್ನ ಹೆಸರನ್ನು ಒತ್ತಿದರು. ಪರದೆ ಒಮ್ಮೆ ಕಪ್ಪಾಯಿತು, ಆಮೇಲೆ ಅದರ ಮೇಲೆ ನನ್ನ ಹಳೆಯ ಟೈಪಿನ ಪುಟ, ಅದರ ಓರೆ ಸಾಲುಗಳ ಸಮೇತ, ತೆರೆದುಕೊಂಡಿತು. ಅದೇ ಹೊತ್ತಿಗೆ ದೂರದ ನಮ್ಮ ಓಣಿಯಿಂದ ಒಂದು ಉದ್ದನೆಯ ಕಿರ್ರೆನ್ನುವ ಸದ್ದು ಕೇಳಿಸಿತು. ಹತ್ತೊಂಬತ್ತು ದಿನದ ಸದ್ದು ಅದು.

‘ಓದಿರಿ’ ಎಂದೆ. ‘ಗಟ್ಟಿಯಾಗಿ ಓದಿರಿ. ದೋಷ ಎಲ್ಲಿದೆಯೋ ಅಲ್ಲಿ ನಿಲ್ಲಿಸಿರಿ.’

ಸಾಹೇಬರು ಕನ್ನಡಕ ಸರಿಪಡಿಸಿಕೊಂಡು ಓದತೊಡಗಿದರು. ಪರದೆಯ ಮೇಲೆ ಇದ್ದದ್ದು ‘ಮೂವತ್ತು ವಷ೯’, ‘ಪೂವ೯ಕ್ಕೆ ಶಫು೯ದ್ದೀನ ದಜಿ೯ಯ ಅಂಗಡಿ’, ‘ಸಾವ೯ಜನಿಕ ಮಾಗ೯’, ‘ಕಪೂ೯ರವ್ವ ತನ್ನ ಸ್ವಂತ ಇಚ್ಛೆಯಿಂದ’. ಅವರ ಬಾಯಿಂದ ಬಂದದ್ದು ಮೂವತ್ತು ವರ್ಷ, ಪೂರ್ವಕ್ಕೆ ಶರ್ಫುದ್ದೀನ ದರ್ಜಿಯ ಅಂಗಡಿ, ಸಾರ್ವಜನಿಕ ಮಾರ್ಗ, ಕರ್ಪೂರವ್ವ ತನ್ನ ಸ್ವಂತ ಇಚ್ಛೆಯಿಂದ. ಒಂದು ಕಡೆಯೂ ತಡವರಿಸದೆ, ಬಸಲಿಂಗಯ್ಯನಂತೆಯೇ, ಅವರು ಪುಟದ ಕೊನೆಯವರೆಗೂ ಬಂದುಬಿಟ್ಟರು. ಬಂದು, ತಾವು ಎಲ್ಲಿಯೂ ನಿಲ್ಲಲಿಲ್ಲವೆಂಬುದು ಹೊಳೆದು, ಬಾಯಿ ಮುಚ್ಚಿಕೊಂಡರು.

‘ಇಡೀ ಪುಟದಲ್ಲಿ ಹನ್ನೆರಡು ಒಂಬತ್ತು ಇದ್ದವು’ ಎಂದೆ. ‘ಒಂದನ್ನೂ ನೀವು ಒಂಬತ್ತು ಎಂದು ಓದಲಿಲ್ಲ. ತಪ್ಪು ನನ್ನದೆಂದು ನಾನು ಹೇಳಿಯಾಯಿತು. ಆದರೆ ಓದುವುದೆಂದರೆ ಇದು, ಸಾಹೇಬರೆ. ಈಗ ನೀವು ಮಾಡಿದ್ದು. ನಿಮ್ಮ ವೀಕ್ಷಕ ನೋಡುತ್ತದೆ, ಓದುವುದಿಲ್ಲ. ಓದಲು ಬಾರದವನು ಊರಿನ ಬಾಗಿಲು ಕಾಯಬಾರದು.’

ಅವರು ಅದೇ ಪುಟವನ್ನು ಮೊದಲಿನಿಂದ ಇನ್ನೊಮ್ಮೆ ಓದಿದರು. ಆಮೇಲೆ ವೀಕ್ಷಕ ಮಾಡಿದವರಿಗೆ ಫೋನು ಹಚ್ಚಿದರು. ಮೊದಲು ಮೆಲ್ಲಗೆ ಮಾತಾಡಿದರು, ಆಮೇಲೆ ಜೋರಾಗಿ. ‘ಇಲ್ರೀ, ತೆರೆದ ಕಡತ ನನ್ನ ಮುಂದ ಐತಿ. ನಾ ಓದೀನಿ. ಹೌದು, ನನ್ನ ಬಾಯಿಲೆ ಓದೀನಿ’ ಎಂದು ಅವರು ಮೇಜು ಕುಟ್ಟಿದ್ದನ್ನು ಓಣಿಯೆಲ್ಲ ನೋಡಿತು. ಅಕ್ಷರಗಳ ನಡುವೆ ಒಂಬತ್ತು ಬಂದರೆ ಅದನ್ನು ‘ರ್’ ಎಂದೇ ತಿಳಿಯಬೇಕೆಂದು ವೀಕ್ಷಕಕ್ಕೆ ಕಲಿಸಲು ಒಂದು ಇಡೀ ದಿನ ಹಿಡಿಯಿತು. ಇಪ್ಪತ್ತೊಂದನೆಯ ಬೆಳಿಗ್ಗೆ ಉಳಿದ ಇಪ್ಪತ್ತೆರಡು ಬಾಗಿಲುಗಳು, ಹಿಡಿಕೆಯಿಲ್ಲದವು, ಗೆರೆಯಿಲ್ಲದವು, ಸುಣ್ಣ ಉದುರಿಸುತ್ತ ತೆರೆದವು. ಶರ್ಫುದ್ದೀನ ಅಭ್ಯಾಸಬಲದಿಂದ ಅಂದೂ ಕಿಟಕಿಯಿಂದಲೇ ಇಳಿದ. ಗಿರಣಿ ಎರಡು ದಿನ ಮೊದಲೇ ಸದ್ದು ಮಾಡತೊಡಗಿತ್ತು.

ನನ್ನ ಬಾಗಿಲು ತೆರೆಯಲಿಲ್ಲ.

ಒಂದು ವಾರದ ಮೇಲೆ ದೇವೇಂದ್ರ ಸಾಹೇಬರೇ ನನ್ನ ಕಿಟಕಿಯ ಹೊರಗೆ ಬಂದು ನಿಂತರು, ಕೈಯಲ್ಲೊಂದು ನಮೂನೆಯಿತ್ತು. ನನ್ನ ಹೆಸರು ನನಗೆ ಹಿಂದಿರುಗಲು ಅಪ್ಪಣೆಯಾಗಿತ್ತು. ಒಂದು ಹೇಳಿಕೆಗೆ ಸಹಿ ಹಾಕಿದರೆ ಸಾಕು. ಆಗಿದ್ದೆಲ್ಲ ಟೈಪು ಮಾಡಿದವನೊಬ್ಬನ ತಪ್ಪು, ವೀಕ್ಷಕದಲ್ಲಿ ಎಂದೂ ಯಾವ ದೋಷವೂ ಇರಲಿಲ್ಲ ಎಂದು ಅದರಲ್ಲಿತ್ತು. ನಾನು ಎರಡು ಸಲ ಓದಿದೆ. ‘ಅರ್ಧಕ್ಕೆ ಸಹಿ ಹಾಕುತ್ತೇನೆ’ ಎಂದೆ. ‘ನನ್ನ ತಪ್ಪು ನನ್ನದು. ಅದರ ಕುರುಡು ಅದರದು.’

‘ಅರ್ಧ ಸಹಿ ನಡೆಯೂದಿಲ್ಲ ಮಾಸ್ತರ. ಹಟ ಬ್ಯಾಡ. ಹದಿಮೂರು ದಿನ ಉಳದಾವ’ ಎಂದರು ಅವರು. ಆ ದನಿಯಲ್ಲಿ ಕಾಳಜಿಯಿತ್ತು. ಅದಕ್ಕಾಗಿ ಅವರಿಗೆ ಚಹಾ ಕೊಟ್ಟೆ. ನಮೂನೆಯನ್ನು ಖಾಲಿಯಾಗಿಯೇ ಕಿಟಕಿಯಿಂದ ಹಿಂದಕ್ಕೆ ನೀಡಿದೆ. ಜೀವಮಾನವೆಲ್ಲ ಹಿಂದಿರುಗಿ ಬಂದ ಕಾಗದಗಳನ್ನು ಎಣಿಸಿದವನು ನಾನು. ಒಂದನ್ನಾದರೂ ನಾನೇ ಹಿಂದಿರುಗಿಸಿದ ಸುಖ ಅಂದು ಸಿಕ್ಕಿತು.

ಮರುದಿನ ಕರ್ಪೂರವ್ವ ಬೀಸುಕಲ್ಲಿನ ಮೇಲಿನ ಕಲ್ಲನ್ನು ಉರುಳಿಸಿಕೊಂಡು ಬಂದು ನನ್ನ ಕಿಟಕಿಯ ಕೆಳಗೆ ಮಲಗಿಸಿದಳು. ‘ಮೊಣಕಾಲಿಗೆ ಇಷ್ಟ ಎತ್ತರ ಸಾಕು’ ಎಂದು ತಾನೇ ಹತ್ತಿ ನೋಡಿದಳು. ಆಮೇಲೆ ಸೊಂಟ ತಡವಿ ಚಾಕು ತೆಗೆದು, ನನ್ನ ಬಾಗಿಲಿನ ಸಂದಿಗೆ ಹೋಗಿ ನಿಂತಳು. ಬೇಡವೆಂದೆ. ‘ನಿಮ್ಮನ್ನ ಯಾರ ಕೇಳ್ಯಾರ?’ ಎಂದು ಮೇಲಿನಿಂದ ಕೆಳಗಿನವರೆಗೆ ಕೆರೆದಳು. ಅದಾಗಿ ಈಗ ನಾಲ್ಕು ತಿಂಗಳು. ಇಪ್ಪತ್ತೊಂದು ದಿನದ ನಿಯಮ ನನ್ನ ಬಾಗಿಲಿನ ವಿಷಯದಲ್ಲಿ ಏನಾಯಿತೋ ದಫ್ತರಕ್ಕೂ ತಿಳಿಯದು. ಅದು ತೆರೆಯುವುದಿಲ್ಲ, ಗೋಡೆಯೂ ಆಗುವುದಿಲ್ಲ. ಪ್ರತಿ ಬೆಳಿಗ್ಗೆ ಚಾಕುವಿನ ಸದ್ದಿಗೆ ನನಗೆ ಎಚ್ಚರವಾಗುತ್ತದೆ.

ಆ ಮೊದಲ ದಿನ ಆಕೆ ಕೆರೆದು ಹೋದ ಮೇಲೆ ನಾನು ಟೈಪ್‌ರೈಟರಿಗೆ ಹೊಸ ರಿಬ್ಬನ್ ಹಾಕಿ, ದಪ್ಪ ಹಾಳೆಯೊಂದನ್ನು ಏರಿಸಿ, ‘ಕರ್ಪೂರವ್ವನ ಹಿಟ್ಟಿನ ಗಿರಣಿ’ ಎಂದು ಒತ್ತಿದೆ. ಅರ್ಕಾವೊತ್ತಿಗೆ ಬಂದಾಗ ಸವೆದ ಕೀಲಿಯನ್ನೇ, ಇದ್ದಬದ್ದ ಬಲವೆಲ್ಲ ಹಾಕಿ ಒತ್ತಿದೆ. ಅದು ಮೂಡಿತು, ತೆಳ್ಳಗೆ, ಆದರೆ ತನ್ನದೇ ರೂಪದಲ್ಲಿ, ತನ್ನದೇ ಎತ್ತರದಲ್ಲಿ. ಮೂಡಿದ ಮೇಲೆ ಅದರ ಅಚ್ಚು ಮುರಿದು ಯಂತ್ರದೊಳಗೆಲ್ಲೋ ಬಿದ್ದ ಸದ್ದು ಕೇಳಿಸಿತು. ಕೆಳಗೆ, ವಾಡಿಕೆಯಂತೆ, ಬಿಕ್ಕಲಂ ಸಾಲಿನಲ್ಲಿ ನನ್ನ ಹೆಸರನ್ನು ಬರೆದೆ: ವಧ೯ಮಾನಪ್ಪ.

ಆ ಹಾಳೆ ಗಿರಣಿಯ ಬಾಗಿಲಿನ ಮೇಲಿದೆ. ಕಾಳು ತಂದವರು ತಮ್ಮ ಪಾಳಿ ಬರುವವರೆಗೆ ಅದನ್ನು ಗಟ್ಟಿಯಾಗಿ ಓದುತ್ತ ನಿಲ್ಲುತ್ತಾರೆ. ನಾನು ಕಿಟಕಿಯಲ್ಲಿ ಕುಳಿತು ಕೇಳಿಸಿಕೊಳ್ಳುತ್ತೇನೆ. ಇಲ್ಲಿಯವರೆಗೆ ಒಬ್ಬರೂ ಒಂಬತ್ತು ಎಂದು ಓದಿಲ್ಲ.